ಸದ್ದು ಏರಿಸೋದು ಅಂದ್ರೆ ಸುಮ್ನೇನಾ?

ಮಾಕಳಿಯ ಕಡೆ ಲ್ಯಾಪ್‌ಟಾಪ್ ಇಟ್ಟುಕೊಂಡವರ ಕೀಬೋರ್ಡಿನಲ್ಲಿ ಮೊದಲು ಸವೆಯುವುದು ಸ್ಪೇಸ್ ಬಾರ್ ಅಲ್ಲ, ಎಂಟರೂ ಅಲ್ಲ. ಸದ್ದು ಏರಿಸುವ ಗುಂಡಿ. ನಂಬದವರು ಒಂದು ಸಂಜೆ ತುಮಕೂರು ರಸ್ತೆಯ ಸರ್ವಿಸ್ ರೋಡಿಗೆ ಬಂದು ನಿಂತುಕೊಳ್ಳಲಿ. ಮುಂದೆ ನೆಲಮಂಗಲ. ಅಲ್ಲಿಂದ ಒಂದು ದಾರಿ ತುಮಕೂರು ದಾಟಿ ಪುಣೆ ಕಡೆಗೆ, ಇನ್ನೊಂದು ಕುಣಿಗಲ್, ಹಾಸನ ಹಾದು ಮಂಗಳೂರಿಗೆ. ಎರಡೂ ಕಡೆಯ ಲಾರಿಗಳು ನಮ್ಮ ಕಿವಿ ತುಳಿದುಕೊಂಡೇ ಹೋಗಬೇಕು. ಹತ್ತು ಚಕ್ರದ್ದು ಬಂತು, ಏರಿಸು. ಹೋಯಿತು, ಇಳಿಸು. ಹಿಂದೆಯೇ ಟ್ರೈಲರ್ ಬಂತು, ಮತ್ತೆ ಏರಿಸು. ಬಸವನಗುಡಿಯವರಿಗೆ ಈ ವ್ಯಾಯಾಮ ಗೊತ್ತಿಲ್ಲ. ಅವರು ಬೆಳಗ್ಗೆ ಒಂದು ಸಲ ಸದ್ದು ಹೊಂದಿಸಿಕೊಂಡರೆ ರಾತ್ರಿ ಮಲಗುವವರೆಗೂ ಅದೇ. ನಮ್ಮ ಮೆಟ್ರೋ ಕೂಡ 2024ರ ನವೆಂಬರಿನಲ್ಲಿ ನಾಗಸಂದ್ರದಿಂದ ಮಾದಾವರದ ತನಕ ಬಂದು, ಇನ್ನು ಮುಂದಕ್ಕೆ ಗಲಾಟೆ ಜಾಸ್ತಿ ಅನ್ನುವ ಹಾಗೆ ಅಲ್ಲೇ ನಿಂತಿದೆ.

ಇಂಥ ಊರಿನಲ್ಲಿ ಸದ್ದಿನ ಗುಂಡಿಯೇ ಕೆಲಸ ಮಾಡದ ಲ್ಯಾಪ್‌ಟಾಪು ಒಂದು ಮನೆಯಲ್ಲಿದ್ದರೆ ಆ ಮನೆಯ ಗತಿ ಏನಾಗಬೇಡ! ಮನೆ ನಮ್ಮ ಎದುರಿನದು. ಯಜಮಾನರು ಪೀಣ್ಯದಲ್ಲಿ ಪವರ್ ಪ್ರೆಸ್ಸಿನ ಪಕ್ಕ ನಿಂತೂ ನಿಂತೂ ನಿವೃತ್ತರಾದವರು. ಅವರ ಕಿವಿ ಅವರಿಗಿಂತ ಮುಂಚೆಯೇ ಸ್ವಯಂ ನಿವೃತ್ತಿ ಪಡೆದಿತ್ತು. ವಯಸ್ಸಿನಲ್ಲಿ ಕುರುಕ್ಷೇತ್ರ ನಾಟಕಕ್ಕೆ ಭೀಮನ ಪಾತ್ರ ಹಾಕಿದವರು. ಈಗ ಗದೆ ಕೆಳಗಿಟ್ಟಿದ್ದಾರೆ. ಸಂಜೆಯಾದರೆ ಯೂಟ್ಯೂಬಿನಲ್ಲಿ ಬೇರೆ ಬೇರೆ ಊರಿನ ಭೀಮರನ್ನು ಹಾಕಿಕೊಂಡು, 'ಹಾರ್ಮೋನಿಯಂ ಒಂದ್ಕಡೆ, ಇವನೊಂದ್ಕಡೆ' ಎಂದು ಬೈಯುವುದೇ ಕೆಲಸ.

ಅವರ ಮಹಡಿಯಲ್ಲಿ ಬಾಡಿಗೆಗಿರುವವನು ಹಾವೇರಿಯ ಹುಡುಗ. ಸಾಫ್ಟ್‌ವೇರು. ಹೆಸರು ಬೇಡ ಬಿಡಿ, ಬೀದಿಯಲ್ಲಿ ಯಾರಿಗೂ ಅದು ಗೊತ್ತಿಲ್ಲ. 'ಲಿನಕ್ಸ್ ಬಂದ, ಲಿನಕ್ಸ್ ಹೋದ' ಅಂತಲೇ ಮಾತು. ಕೆಲವರಿಗೆ ದೇವರ ಭಕ್ತಿ, ಕೆಲವರಿಗೆ ಅಣ್ಣಾವ್ರ ಭಕ್ತಿ, ಇವನಿಗೆ ಇದು. ಹಾಲು ತರಲು ಅಂಗಡಿಗೆ ಹೋದವನು ಅಂಗಡಿಯವನ ಬಿಲ್ಲಿಂಗ್ ಕಂಪ್ಯೂಟರ್ ಕಡೆ ಅಯ್ಯೋ ಪಾಪ ಎಂಬಂತೆ ನೋಡಿ ಬರುತ್ತಾನೆ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟರಲ್ಲ, ಆಗ ಶುರುವಾಯಿತು ಈ ಕಥೆ. ಯಜಮಾನರದು ಎಸ್‌.ಪಿ. ರೋಡಿನಲ್ಲಿ ತಂದ ಹಳೇ ಥಿಂಕ್‌ಪ್ಯಾಡ್, ಇಂಟೆಲ್‌ನ ಏಳನೇ ತಲೆಮಾರು. ವಿಂಡೋಸ್ 11ಕ್ಕೆ ಎಂಟನೇ ತಲೆಮಾರಿನ ಕೆಳಗಿನವರು ಸಾಮಾನ್ಯವಾಗಿ ಪಂಕ್ತಿಗೆ ಆಗುವುದಿಲ್ಲ. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಪೀಣ್ಯದಲ್ಲಿ ದುಡಿದವರಿಗೆ ಮನಸ್ಸು ಬರುತ್ತದೆಯೇ? ಬೇರಿಂಗ್ ಹೋದರೆ ಬೇರಿಂಗ್ ಬದಲಾಯಿಸಬೇಕು, ಮಷೀನನ್ನೇ ಎಸೆಯುತ್ತಾರಾ ಅಂತ ಅವರ ವಾದ. ಹುಡುಗ ಮೆಟ್ಟಿಲಿಳಿದು ಬಂದ. "ಕಾಕಾರ, ಲಿನಕ್ಸ್ ಹಾಕ್ತೀನ್ರಿ. ಇನ್ನ ಹತ್ತು ವರ್ಷ ನೋಡಂಗಿಲ್ಲ" ಅಂದ. ಹತ್ತು ವರ್ಷದ ಮಾತು ಇರಲಿ, ಮರುದಿನ ಬೆಳಗ್ಗೆಯೇ ನೋಡಬೇಕಾಯಿತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಲಿನಕ್ಸಿನವರು ನನ್ನ ಮನೆ ಮುಂದೆ ಧರಣಿ ಕೂತಾರು. ಗ್ನೋಮ್, ಕೆಡಿಇ ಎಂಬ ದೊಡ್ಡ ಮನೆತನದ ಡೆಸ್ಕ್‌ಟಾಪ್ ಹಾಕಿಕೊಂಡರೆ ಇಂದು ಸದ್ದಿನ ಗುಂಡಿ, ಬೆಳಕಿನ ಗುಂಡಿ, ಹಾಡು ನಿಲ್ಲಿಸುವ ಗುಂಡಿ ಸಾಮಾನ್ಯವಾಗಿ ತಾವಾಗಿಯೇ ಕೆಲಸ ಮಾಡುತ್ತವೆ. ಒತ್ತಿದರೆ ಪರದೆಯ ಮೇಲೆ ಚೆಂದದ ಪಟ್ಟಿಯೂ ಮೂಡುತ್ತದೆ. ಆದರೆ ಸುಲಭವಾಗಿ ಆಗುವ ಕೆಲಸ ಮಾಡಲು ಇವನೇನು ಹಾವೇರಿಯಿಂದ ಇಲ್ಲಿಯ ತನಕ ಬಂದನೇ? "ಅವೆಲ್ಲಾ ಭಾರ ಅದಾವ್ರಿ" ಅಂದ. ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಅದರ ಮೇಲೆ ಓಪನ್‌ಬಾಕ್ಸ್ ಎಂಬ ಬಡಕಲು ವಿಂಡೋ ಮ್ಯಾನೇಜರನ್ನು ಕೂರಿಸಿದ. ಅದರ ಕೊನೆಯ ಆವೃತ್ತಿ ಬಂದದ್ದು 2015ರಲ್ಲಿ. ನಾವು ಅದನ್ನು ಅನಾಥ ಅನ್ನುತ್ತೇವೆ. ಅವನು ಸಿದ್ಧಿ ಪಡೆದಿದೆ ಅನ್ನುತ್ತಾನೆ. ಅದರಲ್ಲಿ ಯಾವ ಗುಂಡಿ ಒತ್ತಿದರೆ ಏನಾಗಬೇಕು ಎಂಬುದನ್ನು ಒಂದು ಕಡತ ತೆಗೆದು ಸಾಲು ಸಾಲಾಗಿ ನಾವೇ ಬರೆಯಬೇಕು. ಬರೆಯದಿದ್ದರೆ ಗುಂಡಿ ಪಾಡಿಗೆ ಗುಂಡಿ, ಸದ್ದಿನ ಪಾಡಿಗೆ ಸದ್ದು.

ಮರುದಿನ ಯಜಮಾನರು ಎಫ್ 3 ಒತ್ತಿದರು. ಏನೂ ಇಲ್ಲ. ಗಟ್ಟಿಯಾಗಿ ಒತ್ತಿದರು. ಪವರ್ ಪ್ರೆಸ್ಸಿನವರ ಬೆರಳು, ಮೇಜು ಅಲುಗಿತು, ಸದ್ದು ಅಲುಗಲಿಲ್ಲ. ಆದರೆ ಪರದೆ ಮಾತ್ರ ಭರ್ಜರಿ: ಕಿಟಕಿಗಳೆಲ್ಲ ಗಾಜಿನ ಹಾಗೆ ಪಾರದರ್ಶಕ, ಮೂಲೆಯಲ್ಲಿ ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಎಂಬ ಲೆಕ್ಕ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಸಾಕ್ಷಾತ್ ಅದೇ.

"ಒಂದ್ ಗುಂಡಿ ಒತ್ತೋಕೆ ಇಷ್ಟೊಂದು ರಾಮಾಯಣಾನಾ?" ಎಂದರು ಯಜಮಾನರು. ರಾಮಾಯಣವಲ್ಲ ಸ್ವಾಮಿ, ಊರಹಬ್ಬ. ದೇವರ ಮೆರವಣಿಗೆ ಹೊರಡಬೇಕಾದರೆ ತಮಟೆಯವರು ಬರಬೇಕು, ಪಂಜಿನವರು ಬರಬೇಕು, ಛತ್ರಿ ಹಿಡಿಯುವ ಮನೆಯವರು, ಅಡ್ಡೆ ಹೊರುವ ಮನೆಯವರು, ಪೂಜಾರಪ್ಪ ಎಲ್ಲರೂ ಬರಬೇಕು. ಒಬ್ಬ ಮುನಿಸಿಕೊಂಡು ಮನೆಯಲ್ಲೇ ಕೂತನೋ, ದೇವರು ಗುಡಿಯ ಹೊಸ್ತಿಲು ದಾಟುವುದಿಲ್ಲ. ಲಿನಕ್ಸಿನಲ್ಲಿ ಸದ್ದು ಹೊರಡುವುದೂ ಹೀಗೆಯೇ. ಗುಂಡಿ ಒತ್ತಿದ ಕೂಡಲೇ ಕೀಬೋರ್ಡಿನ ಪುಟ್ಟ ಚಿಪ್ಪು ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಒಂದು ಸಂಖ್ಯೆ ಕಳಿಸುತ್ತದೆ. ಕರ್ನಲ್ ಅದನ್ನು ತನ್ನ ಪಟ್ಟಿಯಲ್ಲಿ ಹುಡುಕಿ 'ಓ, ಇದು ಸದ್ದು ಏರಿಸುವುದು, 115' ಅನ್ನುತ್ತದೆ. ಎಕ್ಸ್ ಸರ್ವರ್ ಅದಕ್ಕೆ ತನ್ನ ಎಂಟು ಸೇರಿಸಿ 123 ಮಾಡುತ್ತದೆ. ಎಂಟು ಯಾಕೆ ಅಂದರೆ, ಅಲ್ಲಿ ಲೆಕ್ಕ ಶುರುವಾಗುವುದೇ ಎಂಟರಿಂದ. ಆಮೇಲೆ ಆ ಸಂಖ್ಯೆಗೆ 'ಎಕ್ಸ್‌ಎಫ್86ಆಡಿಯೋರೈಸ್‌ವಾಲ್ಯೂಮ್' ಎಂದು ಬಿರುದು ಕೊಟ್ಟು ಕೂಗುತ್ತಾರೆ. ಆ ಬಿರುದಿನ ಮುಂದಿರುವ ಎಕ್ಸ್‌ಫ್ರೀ86 ಮನೆತನವನ್ನು 2004ರ ಪರವಾನಗಿ ಜಗಳದಲ್ಲಿ ಊರಿನವರೆಲ್ಲ ಬಿಟ್ಟು ಎಕ್ಸ್.ಆರ್ಗ್ ಕಡೆ ಹೋದರು. ಮೆರವಣಿಗೆಯಲ್ಲಿ ಕೂಗುವ ಹೆಸರು ಮಾತ್ರ ಇವತ್ತಿಗೂ ಅವರದೇ. ಆ ಕೂಗು ಕೇಳಿ ಡೆಸ್ಕ್‌ಟಾಪಿನವರು ಎದ್ದು ಒಂದು ಆಜ್ಞೆ ಓಡಿಸಬೇಕು, ಆಜ್ಞೆ ಪೈಪ್‌ವೈರ್‌ಗೆ ಮುಟ್ಟಬೇಕು, ಪೈಪ್‌ವೈರ್ ಆಲ್ಸಾಗೆ ಹೇಳಬೇಕು, ಆಲ್ಸಾ ಬೋರ್ಡಿನ ಮೇಲಿರುವ ರಿಯಲ್‌ಟೆಕ್ ಚಿಪ್ಪಿಗೆ ಹೇಳಬೇಕು. ಆಮೇಲೆ ಭೀಮ ಗರ್ಜಿಸುತ್ತಾನೆ.

ಯಾರು ಮುನಿಸಿಕೊಂಡಿದ್ದಾರೆ ಎಂದು ಪತ್ತೆ ಹಚ್ಚುವುದೇ ಈ ವಿದ್ಯೆಯ ಗುಟ್ಟು. ನಮ್ಮ ಹುಡುಗನಿಗೆ ಆ ತಾಳ್ಮೆ ಎಲ್ಲಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಮೊದಲು ಕರ್ನಲ್ಲನ್ನೇ ಬದಲಾಯಿಸಿದ. ಆಗಲಿಲ್ಲ. ಗುಂಡಿಗೂ ಯಂತ್ರಕ್ಕೂ ಮಾತುಕತೆ ಇದೆಯೇ ಎಂದು ನೋಡುವ 'ಎಕ್ಸ್‌ಇವಿ' ಎಂಬ ಸಣ್ಣ ಸಾಧನವಿದೆ. ಪುಟ್ಟ ಬಿಳಿ ಕಿಟಕಿ ತೆರೆದು, ನೀವು ಒತ್ತಿದ ಗುಂಡಿಯ ಜಾತಕವನ್ನೆಲ್ಲ ಸುರಿಯುತ್ತದೆ. ಅದನ್ನು ಓಡಿಸಿದ ಮೇಲೆ ಗೊತ್ತಾಯಿತು, 123 ಸರಿಯಾಗೇ ಬರುತ್ತಿದೆ. ಕಡತದಲ್ಲಿ ಸಾಲು ಬರೆದ. ಆದರೂ ಇಲ್ಲ. ಸದ್ದಿನ ಸಾಧನಗಳ ಪಟ್ಟಿ ತೆಗೆದರೆ ಅಲ್ಲಿ 'ಡಮ್ಮಿ ಔಟ್‌ಪುಟ್' ಅಂತ ಒಂದೇ ಒಂದು. ಯಜಮಾನರು ಇಂಗ್ಲಿಷಿನಲ್ಲಿ ಅಷ್ಟಕ್ಕಷ್ಟೇ, ಆದರೆ ಡಮ್ಮಿ ಯಾರಿಗೆ ಗೊತ್ತಿಲ್ಲ? ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಬೇಕಾದಷ್ಟು ನೋಡಿದ್ದಾರೆ.

ಕೊನೆಗೆ ಸಿಕ್ಕಿಬಿದ್ದವರು ಯಾರು? ವೈರ್‌ಪ್ಲಂಬರ್. ಪೈಪ್‌ವೈರ್ ಬರೀ ಕೊಳವೆ. ಯಾವ ಕೊಳವೆ ಯಾವ ಸ್ಪೀಕರಿಗೆ ಸೇರಬೇಕು ಎಂದು ಜೋಡಿಸುವವನು ಈ ವೈರ್‌ಪ್ಲಂಬರ್. ಅವನಿಲ್ಲದಿದ್ದರೆ ಪೈಪ್‌ವೈರ್‌ಗೆ ಸ್ಪೀಕರ್ ಇರುವುದೇ ತಿಳಿಯದು. ಜೊತೆಗೆ ಇವೂ ಇರಲಿ ಎಂದು ಡೆಬಿಯನ್ ಶಿಫಾರಸು ಮಾಡುವ ಪ್ಯಾಕೇಜುಗಳನ್ನೆಲ್ಲ ನಮ್ಮ ಹುಡುಗ ಹಗುರವಾಗಿರಲಿ ಅಂತ ಬೇಡ ಅಂದಿದ್ದ. ಆ ಬೇಡದವರ ಪಟ್ಟಿಯಲ್ಲಿ ಇವನೂ ಹೋಗಿದ್ದ. ಕರೆದು ತಂದು ಕೂರಿಸಿದ ಮೇಲೆ ಡಮ್ಮಿ ಮಾಯವಾಗಿ ನಿಜವಾದ ಸ್ಪೀಕರ್ ಹೆಸರು ಬಂತು. ಸದ್ದು? ಇನ್ನೂ ಇಲ್ಲ. ಯಾಕೆಂದರೆ ಕೆಳಗೆ ಆಲ್ಸಾ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿತ್ತು. ಆಲ್ಸಾಮಿಕ್ಸರ್ ತೆರೆದರೆ ಟರ್ಮಿನಲ್ಲಿನಲ್ಲಿ ಸಾಲಾಗಿ ಕಂಬಗಳು ನಿಲ್ಲುತ್ತವೆ. ಕಂಬದ ಬುಡದಲ್ಲಿ 'ಎಂಎಂ' ಅಂತಿದ್ದರೆ ಮೌನವ್ರತ, 'ಓಓ' ಅಂತಿದ್ದರೆ ಬಾಯಿ ತೆರೆದಿದೆ. ಎಂ ಒತ್ತಿದರೆ ವ್ರತಭಂಗ. ಲಿನಕ್ಸಿನಲ್ಲಿ ಸದ್ದು ಬರುತ್ತಿಲ್ಲ ಎಂದು ಕಣ್ಣೀರು ಹಾಕುವವರು ಮಿಕ್ಕಿದ್ದನ್ನೆಲ್ಲ ಕೆದಕುವ ಮೊದಲು ಈ ಎರಡು ಅಕ್ಷರ ನೋಡಿಕೊಂಡರೆ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತದೆ. ಹೇಳಿದರೆ ಕೇಳುತ್ತಾರಾ? ಅವರಿಗೆ ಸದ್ದಿಗಿಂತ ಪತ್ತೇದಾರಿಯೇ ಇಷ್ಟ.

ಸ್ಪೀಕರ್ ಪರೀಕ್ಷೆಗೆ ಒಂದು ಆಜ್ಞೆ ಇದೆ. ಅದನ್ನು ಓಡಿಸಿದರೆ ಒಬ್ಬಾಕೆ ಗಂಭೀರವಾಗಿ 'ಫ್ರಂಟ್ ಲೆಫ್ಟ್... ಫ್ರಂಟ್ ರೈಟ್' ಎಂದು ಹೇಳುತ್ತಾಳೆ. ಯಜಮಾನರ ಮನೆಯಾಕೆ ಒಳಗಿಂದ ಕೂಗಿದರು, "ಯಾರ್ರೀ ಅದು ಬಂದಿರೋದು?"

ಈ ಸದ್ದಿನವರ ವಂಶಾವಳಿಯನ್ನು ಹುಡುಗ ಒಮ್ಮೆ ಕಾಫಿ ಕುಡಿಯುತ್ತಾ ನಮಗೆಲ್ಲ ಹೇಳಿದ. ಕೇಳಿದರೆ ಕುರುಕ್ಷೇತ್ರವೇ ವಾಸಿ. ಮೊದಲಿಗೆ ಓಎಸ್‌ಎಸ್ ಎಂದೊಂದಿತ್ತಂತೆ. ಸಾಮಾನ್ಯವಾಗಿ ಒಂದು ಹೊತ್ತಿಗೆ ಒಬ್ಬನೇ ಮಾತಾಡಬೇಕು, ಹಾಡು ಹಾಕಿದರೆ ಬೇರೆ ಯಾವ ಗಂಟೆಯೂ ಬಾರಿಸುವಂತಿಲ್ಲ. 1998ರ ಸುಮಾರಿಗೆ ಜೆಕ್ ದೇಶದ ಜಾರೊಸ್ಲಾವ್ ಕಿಸೆಲಾ ಆಲ್ಸಾ ಶುರು ಮಾಡಿದರು, 2.6 ಕರ್ನಲ್ ಬರುವ ಹೊತ್ತಿಗೆ ಅದೇ ಅಧಿಕೃತ. ಅದರ ಮೇಲೆ ಎಲ್ಲರ ಸದ್ದನ್ನೂ ಬೆರೆಸಿ ಹಂಚಲು ಲೆನಾರ್ಟ್ ಪೊಟರಿಂಗ್ ಪಲ್ಸ್‌ಆಡಿಯೋ ಕಟ್ಟಿದರು. 2007ರಲ್ಲಿ ಫೆಡೋರಾ, 2008ರಲ್ಲಿ ಉಬುಂಟು ಅದನ್ನು ಬೇಯುವ ಮೊದಲೇ ಬಡಿಸಿದವು. ಆ ಕಾಲದಲ್ಲಿ ಲಿನಕ್ಸಿನಲ್ಲಿ ಏನೇ ಕೆಟ್ಟರೂ ಮೊದಲ ಸಲಹೆ 'ಪಲ್ಸ್‌ಆಡಿಯೋ ಕಿತ್ತುಹಾಕು'. ಮೌಸ್ ಕೆಟ್ಟರೂ ಅದೇ ಹೇಳುತ್ತಿದ್ದರೋ ಏನೋ. ಮನುಷ್ಯ ಎದೆಗುಂದಲಿಲ್ಲ, ಆಮೇಲೆ ಸಿಸ್ಟಂಡಿ ಎಂಬ ಇನ್ನೂ ದೊಡ್ಡ ಜಗಳ ತಂದಿಟ್ಟರು, 2022ರಲ್ಲಿ ಮೈಕ್ರೋಸಾಫ್ಟಿಗೇ ಹೋಗಿ ಸೇರಿಕೊಂಡರು. ಇದನ್ನು ಹೇಳುವಾಗ ನಮ್ಮ ಹುಡುಗನ ಮುಖ ನೋಡಬೇಕಿತ್ತು, ಕರ್ಣ ಕೌರವರ ಕಡೆ ಸೇರಿದಷ್ಟು ಸಂಕಟ. ಕೊನೆಗೆ ಬಂದವರು ರೆಡ್ ಹ್ಯಾಟಿನ ವಿಮ್ ಟೇಮನ್ಸ್. ಅವರು ಪೈಪ್‌ವೈರ್ ಶುರು ಮಾಡಿದ್ದು ವಿಡಿಯೋ ಹಂಚಲಿಕ್ಕೆ. ನೋಡನೋಡುತ್ತ ಸದ್ದಿನ ಯಜಮಾನಿಕೆಯೂ ಅದಕ್ಕೇ ಬಂತು; 2021ರ ಫೆಡೋರಾ 34ರಿಂದ ಒಬ್ಬೊಬ್ಬರೇ ಪಲ್ಸ್‌ಆಡಿಯೋಗೆ ಕೈಮುಗಿದು ಇದರ ಕಡೆ ಬಂದರು. ಬಂದದ್ದು ಒಳ್ಳೆಯದೇ ಆಯಿತು ಅಂತ ನನ್ನ ಎಣಿಕೆ. ಹಳೆಯವರ ಮಾತನ್ನೂ ಇದು ಹಾಗೇ ಅರ್ಥ ಮಾಡಿಕೊಳ್ಳುತ್ತದೆ, ಹೊಸಬರ ಮಾತನ್ನೂ. ಮನೆಗೆ ಬಂದ ಸೊಸೆಯಂದಿರಲ್ಲಿ ಇಂಥವರು ಅಪರೂಪ.

ಥಿಂಕ್‌ಪ್ಯಾಡಿನಲ್ಲಿ ಎಫ್ 4 ಮೈಕಿನ ಬಾಯಿ ಮುಚ್ಚುವ ಗುಂಡಿ. ಅದರ ಕಥೆಯನ್ನು ಬಿಡಲು ನನಗೆ ಮನಸ್ಸಿಲ್ಲ. ಕರ್ನಲ್ಲಿನ ಪಟ್ಟಿಯಲ್ಲಿ ಮೈಕ್ ಮುಚ್ಚುವುದಕ್ಕೆ 248ನೇ ನಂಬರು. ಎಕ್ಸ್ ತನ್ನ ಮಾಮೂಲಿ ಎಂಟು ಸೇರಿಸಿದರೆ 256. ಎಕ್ಸ್‌ಗೆ 255ರ ಮೇಲೆ ಲೆಕ್ಕ ಬರುವುದಿಲ್ಲ! ಒಂದೇ ಒಂದು ಅಂಕಿಯಲ್ಲಿ ಫೇಲು. ಮರುಮೌಲ್ಯಮಾಪನಕ್ಕೆ ಹಾಕುವಂತೆಯೂ ಇಲ್ಲ. ಅದಕ್ಕೇ ಬುದ್ಧಿವಂತರು ಏನು ಮಾಡಿದರು ಅಂದರೆ, ಯಾವ ಲ್ಯಾಪ್‌ಟಾಪಿನಲ್ಲೂ ಕಾಣದ ಎಫ್ 20 ಎಂಬ ಗುಂಡಿಯ ವೇಷ ಹಾಕಿಸಿ ಅದನ್ನು ಒಳಗೆ ಕಳಿಸಿದರು. ಒಳಗೆ ಹೋದ ಮೇಲೆ ವೇಷ ಕಳಚಿ 'ನಾನು ಮೈಕ್' ಅನ್ನುತ್ತದೆ. ಯಜಮಾನರಿಗೆ ಇಡೀ ಲಿನಕ್ಸಿನಲ್ಲಿ ತಕ್ಷಣ ಅರ್ಥವಾದದ್ದು ಇದೊಂದೇ. "ಓಹೋ, ಬೃಹನ್ನಳೆ ಪಾತ್ರ" ಎಂದರು.

ಎಲ್ಲ ಸರಿಹೋಯಿತು ಎಂದು ನಾವೆಲ್ಲ ನಂಬಿದ ರಾತ್ರಿಯೇ ಅನಾಹುತವಾಯಿತು. ಒತ್ತಿದಾಗಲೆಲ್ಲ ಐದೈದು ಶೇಕಡಾ ಏರಲಿ ಎಂದು ಹುಡುಗ ಬರೆದಿದ್ದ. ಎಲ್ಲಿ ನಿಲ್ಲಬೇಕು ಎಂದು ಬರೆದಿರಲಿಲ್ಲ. ಪೈಪ್‌ವೈರ್ ನೂರು ದಾಟಿದರೂ ಬೇಡ ಅನ್ನುವುದಿಲ್ಲ. ಬರೀ ಓಪನ್‌ಬಾಕ್ಸ್‌ನಲ್ಲಿ ಎಷ್ಟಾಯಿತು ಎಂದು ತೋರಿಸುವ ಪಟ್ಟಿಯೂ ಇಲ್ಲ. ಕಬ್ಬಿಣದ ಕಾಯಿಲ್ ಹೊತ್ತ ಟ್ರೈಲರ್ ಒಂದು ನಮ್ಮ ಬೀದಿಯ ತುದಿಯಲ್ಲಿ ನಿಂತು ಗುರುಗುಟ್ಟತೊಡಗಿತು. ಯಜಮಾನರು ಎಫ್ 3 ಮೇಲೆ ಬೆರಳಿಟ್ಟರು, ತೆಗೆಯಲಿಲ್ಲ. ಟ್ರೈಲರ್ ಹೊರಟಿತು. ಆಗ ಶುರುವಾಯಿತು ನೋಡಿ, ದುರ್ಯೋಧನನ ಆರ್ಭಟ. ಹರಿದ ಸ್ಪೀಕರಿನ ದುರ್ಯೋಧನ. ಬೀದಿ ನಾಯಿಗಳೆಲ್ಲ ಪಾಂಡವರ ಪಕ್ಷ ಸೇರಿದವು. ಒಳಗಿಂದ ಮನೆಯಾಕೆ, "ರೀ, ಅವನ್ನ ಭೀಮ ಕೊಲ್ತಾನೋ, ನಾನೇ ಬಂದು ಕೊಲ್ಲಲೋ?" ಎಂದು ಕೂಗಿದ್ದು ನಮ್ಮನೆಗೂ ಕೇಳಿಸಿತು.

ಹುಡುಗ ಲುಂಗಿಯಲ್ಲೇ ಇಳಿದು ಬಂದ. "ಮಿತಿ ಹಾಕೋದು ಉಳದಿತ್ತ್ ನೋಡ್ರಿ ಕಾಕಾರ." ಎಷ್ಟಕ್ಕೆ ಹಾಕುವುದು ಎಂಬ ಬಗ್ಗೆ ಅಲ್ಲೇ ಸಂಧಾನ ನಡೆಯಿತು. ಯಜಮಾನರು ಕಿವಿಯ ಕಾರಣ ಕೊಟ್ಟು ನೂರೈವತ್ತು ಕೇಳಿದರು. ಮನೆಯಾಕೆ ಎಂಬತ್ತಕ್ಕಿಂತ ಒಂದು ಕೂದಲೂ ಹೆಚ್ಚು ಬೇಡ ಅಂದರು. ನೂರಿಪ್ಪತ್ತಕ್ಕೆ ರಾಜಿಯಾಗಿ, ಆಜ್ಞೆಯ ಸಾಲಿನಲ್ಲಿ 1.2 ಎಂದು ಬರೆದು ಎಲ್ಲರೂ ಮಲಗಿದರು. ಕಣ್ಣಿಗೆ ಕಾಣುವಂತೆ ಒಂದು ಪಟ್ಟಿಯೂ ಬೇಕು ಎಂಬ ಬೇಡಿಕೆಗೆ ಮಾರನೆಯ ದಿನ ಡನ್ಸ್ಟ್ ಎಂಬ ಪುಟ್ಟ ಸೂಚಕ ಬಂತು. ಎಫ್ 3 ಒತ್ತಿದರೆ ಮೂಲೆಯಲ್ಲಿ ಅಚ್ಚಗನ್ನಡದಲ್ಲಿ 'ಸದ್ದು 65' ಎಂದು ಮೂಡುತ್ತದೆ. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳಿವೆ. ಯಜಮಾನರು ಹಿಂದೆಮುಂದೆ ನೋಡದೆ ಗುಬ್ಬಿಯನ್ನೇ ಆರಿಸಿದರು. ನಾಟಕದ ವೀರಣ್ಣನವರ ಊರಲ್ಲವೇ, ನಮ್ಮ ರಸ್ತೆಯಲ್ಲೇ ನೆಟ್ಟಗೆ ತುಮಕೂರಿಗೆ ಹೋಗಿ ಅತ್ತ ತಿರುಗಿದರೆ ಆಯಿತು ಎಂದು. ಅದು ಹಕ್ಕಿಯ ಗುಬ್ಬಿ ಕಾಕಾ ಎಂದು ಹೇಳಲು ಹುಡುಗನಿಗೆ ಧೈರ್ಯ ಸಾಲಲಿಲ್ಲ.

ಕನ್ನಡ ಟೈಪಿಂಗ್ ಮಾತ್ರ ಒಂದೇ ಏಟಿಗೆ ಬಂತು. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಎಂಬ ವಿನ್ಯಾಸ ಇದೆ, ನಮ್ಮ ಕನ್ನಡ ಗಣಕ ಪರಿಷತ್ತಿನದೇ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಹೊಸದಾಗಿ ಕಲಿಯುವಂಥದ್ದು ಇಲ್ಲವೇ ಇಲ್ಲ ಅನ್ನಬೇಕು. ಮರಾಠಿ, ತೆಲುಗು, ಹಿಂದಿಯವರಿಗೂ ಕಗಪ ಹೆಸರಿನ ವಿನ್ಯಾಸವನ್ನೇ ಅಲ್ಲಿ ಹಂಚಿದ್ದಾರೆ. ನಾವು ಅದಕ್ಕೊಂದು ಸನ್ಮಾನ ಇಟ್ಟುಕೊಂಡಿಲ್ಲ, ಶಾಲು ಹೊದಿಸಿಲ್ಲ. ಕನ್ನಡಕ್ಕೆ ಬದಲಾಯಿಸಿದ ಕೂಡಲೇ ಕೆಲವು ಅಕ್ಷರದ ಶಾರ್ಟ್‌ಕಟ್ಟುಗಳು ಮುಖ ಊದಿಸಿಕೊಳ್ಳುತ್ತವೆ ನಿಜ, ಆದರೆ ಸದ್ದಿನ ಗುಂಡಿಗೆ ಭಾಷೆಯ ಹಂಗಿಲ್ಲ, ಯಾವ ಲಿಪಿಯಲ್ಲಿ ಕೂತರೂ ಏರು ಅಂದರೆ ಏರುತ್ತದೆ.

ಇಷ್ಟೆಲ್ಲ ಆಗುವ ಹೊತ್ತಿಗೆ ಯಜಮಾನರ ಭಾವಮೈದ ಬಂದರು. ಬಿಇಎಲ್‌ನಲ್ಲಿ ಇದ್ದವರು. ಹುಡುಗ ತನ್ನ ಸಾಹಸ ಹೇಳಿಕೊಂಡ. ಅವರು ಕಾಫಿ ಆರಿಸಿಕೊಳ್ಳುತ್ತಾ, "ಸಿಂಪ್ಯೂಟರ್ ಕೇಳಿದೀಯೇನಪ್ಪಾ?" ಎಂದರು. ಹುಡುಗ ಪಿಳಿಪಿಳಿ ಕಣ್ಣು ಬಿಟ್ಟ. ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟರುಗಳು, ಎನ್‌ಕೋರ್ ಕಂಪನಿಯವರು ಸೇರಿ ಕಟ್ಟಿದ ಅಂಗೈ ಕಂಪ್ಯೂಟರು ಅದು. 2001ರಲ್ಲಿ ಮೊದಲ ಮಾದರಿ, 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಮಾರುಕಟ್ಟೆಗೆ. ಒಳಗಿದ್ದದ್ದು ಲಿನಕ್ಸೇ. ಅಕ್ಷರ ಬಾರದ ರೈತನಿಗೂ ಕೇಳಲಿ ಎಂದು ಅದು ಬರಹವನ್ನು ಓದಿ ಹೇಳುತ್ತಿತ್ತು, ಕನ್ನಡದಲ್ಲೇ. "ನೀನು ಹಾವೇರೀಲಿ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗ ನಮ್ಮ ಜಾಲಹಳ್ಳಿ ಲಿನಕ್ಸು ಕನ್ನಡ ಮಾತಾಡಿಯಾಗಿತ್ತು. ನೀನು ಈಗ ಎಫ್ 3 ಒತ್ತಿಸಿ ಎದೆ ಉಬ್ಬಿಸ್ಕೊಂಡು ನಿಂತಿದೀಯ." ಆ ಯಂತ್ರ ಜನರ ಕೈಗೆ ಹೋಗಬೇಕಾದಷ್ಟು ಹೋಗಲಿಲ್ಲ, ಮೊಬೈಲುಗಳು ನುಂಗಿದವು. ಅದನ್ನು ಹೇಳಿ ಹುಡುಗನನ್ನು ಸಮಾಧಾನ ಮಾಡೋಣ ಎಂದುಕೊಂಡೆ. ಅಷ್ಟರಲ್ಲಿ ಅವನು ಮಹಡಿಗೆ ಓಡಿ, ಈಸ್ಪೀಕ್ ಎಂಬುದನ್ನು ಹಾಕಿಕೊಂಡು ಬಂದು, ಖಾಲಿ ಬಿದ್ದಿದ್ದ ಒಂದು ಗುಂಡಿಗೆ ಅದನ್ನು ಕಟ್ಟಿಬಿಟ್ಟಿದ್ದ. ಈಗ ಎಫ್ 12 ಒತ್ತಿದರೆ ಲ್ಯಾಪ್‌ಟಾಪು ಮೂಗು ಕಟ್ಟಿದ ದನಿಯಲ್ಲಿ ಗಂಟೆ ಎಷ್ಟಾಯಿತೆಂದು ಕನ್ನಡದಲ್ಲಿ ಹೇಳುತ್ತದೆ. ಗೋಡೆ ಗಡಿಯಾರ ಎದುರಿಗೇ ಇದೆ.

ಮನೆಯಾಕೆ ಬೇಸತ್ತು ಒಂದು ಬ್ಲೂಟೂತ್ ಹೆಡ್‌ಸೆಟ್ ತಂದುಕೊಟ್ಟರು. ನಾಟಕ ಕೇಳುವಾಗ ಗಂಧರ್ವಗಾನ; ಮಗಳು ಮೀಟ್‌ನಲ್ಲಿ ಮಾತಿಗೆ ಬಂದು ಮೈಕ್ ಎದ್ದಿತೋ, ಅದೇ ಹೆಡ್‌ಸೆಟ್ಟಿನಲ್ಲಿ ಬಾವಿಯೊಳಗಿನ ದನಿ. ಅದು ಲಿನಕ್ಸಿನ ತಪ್ಪಲ್ಲ, ಬ್ಲೂಟೂತಿನ ಗುಣ: ಕೇಳುವುದಕ್ಕೆ ಒಂದು ದಾರಿ, ಕೇಳುತ್ತಾ ಮಾತಾಡುವುದಕ್ಕೆ ಇನ್ನೊಂದು ಇಕ್ಕಟ್ಟಿನ ದಾರಿ, ಅಲ್ಲಿ ಸದ್ದನ್ನು ಕತ್ತರಿಸಿ ಕಳಿಸುತ್ತಾರೆ. ಲ್ಯಾಪ್‌ಟಾಪಿನ ಸ್ವಂತ ಮೈಕನ್ನೇ ಬಳಸಿಕೊಂಡರೆ ಕಿವಿಗೆ ಒಳ್ಳೆಯ ಸದ್ದು ಉಳಿಯುತ್ತದೆ. ಹುಡುಗ ಅದನ್ನೂ ಮಾಡಿಕೊಟ್ಟ, ಅಷ್ಟರಲ್ಲಿ ವೈಟ್‌ಫೀಲ್ಡಿನಲ್ಲಿ ಬೇರೆ ಕೆಲಸ ಸಿಕ್ಕಿ ಮನೆ ಖಾಲಿ ಮಾಡುವ ಮಾತೂ ಆಡಿದ.

ಈಗ ಮಹಡಿಗೆ ಟು-ಲೆಟ್ ಬೋರ್ಡ್ ನೇತುಹಾಕಿದ್ದಾರೆ. ಹಿಂದೆ 'ಫ್ಯಾಮಿಲಿಗೆ ಮಾತ್ರ' ಎಂದು ಬರೆದಿರುತ್ತಿದ್ದರು, ಆ ಸಾಲಿಗೆ ಸುಣ್ಣ ಬಳಿದಿದ್ದಾರೆ. ಕಳೆದ ಭಾನುವಾರ ಒಬ್ಬರು ಬ್ಯಾಂಕಿನವರು ಹೆಂಡತಿ ಮಕ್ಕಳ ಜೊತೆ ಮನೆ ನೋಡಲು ಬಂದರು. ಸಭ್ಯಸ್ಥರು. ನಲ್ಲಿ ತಿರುಗಿಸಿ, "ನೀರು ಹೇಗೆ ಸಾರ್ ಇಲ್ಲಿ?" ಎಂದರು.

"ನೀರಿಗೇನ್ರೀ, ಬೋರ್ ಇದೆ. ಅದಿರ್ಲಿ, ನಿಮಗೆ ವೈರ್‌ಪ್ಲಂಬರ್ ಗೊತ್ತಾ?" ಎಂದರು ಯಜಮಾನರು.

"ವೈರಿಂಗಿನವನು ಗೊತ್ತಿಲ್ಲ ಸಾರ್. ಪ್ಲಂಬರ್ ಇದ್ದಾನೆ, ನಮ್ಮೂರ ಹುಡುಗನೇ. ನಂಬರ್ ಕೊಡ್ಲಾ?"